ಮಲೆಯನ್ನು ದಾಟುವ ಪಡೆ: ಹೊಯ್ಸಳ ಶಿಲ್ಪದಲ್ಲಿಯೂ ಕನ್ನಡ ಕಾವ್ಯದಲ್ಲಿಯೂ

೧

ಹೊಯ್ಸಳರು ಮಲೆಯಲ್ಲಿ ತಲೆಯೆತ್ತಿದ ಅರಸರು. ಅವರ ಮೂಲಸ್ಥಾನವೆಂದು ಶಾಸನಗಳು ಹೇಳುವ ಸೊಸೆವೂರು ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಗ್ರಾಮವೆಂದು ವಿದ್ವಾಂಸರು ನಿರ್ಣಯಿಸಿರುವರು. 'ಮಲೆಪರೊಳ್ ಗಂಡ' ಎಂಬುದು ಅವರು ಹೆಮ್ಮೆಯಿಂದ ಧರಿಸಿದ ಬಿರುದು; ಅದು ಶಾಸನಗಳಲ್ಲಿ ಮಾತ್ರವಲ್ಲದೆ ಅವರ ನಾಣ್ಯಗಳಲ್ಲಿಯೂ ಕಂಡುಬರುವುದು. ವಿಷ್ಣುವರ್ಧನನ ರಾಜ್ಯದ ಮೇರೆಗಳನ್ನು ಎಣಿಸುವಾಗ ಶಾಸನಗಳು ಮೂಡಲಲ್ಲಿ ನಂಗಲಿಯ ಘಟ್ಟವನ್ನೂ, ತೆಂಕಲಲ್ಲಿ ಕೊಂಗು, ಚೇರ, ಆನೆಮಲೆಗಳನ್ನೂ, ಪಡುವಲಲ್ಲಿ ಬಾರಕನೂರು ಮೊದಲಾದ ಕೊಂಕಣದ ಘಟ್ಟಗಳನ್ನೂ, ಬಡಗಲಲ್ಲಿ ಸಾವಿಮಲೆಯನ್ನೂ ಹೆಸರಿಸುವುವು. ನಾಲ್ಕು ದಿಕ್ಕಿಗೂ ಮಲೆ ಇಲ್ಲವೆ ಘಟ್ಟವೇ ಎಲ್ಲೆ. ಈ ರಾಜ್ಯದ ಪಡೆಯು ಯಾವ ಕಡೆಗೆ ಹೊರಟರೂ ಬೆಟ್ಟವನ್ನು ಎದುರಿಸದೆ ಗತಿಯಿಲ್ಲ.

ಹೀಗಿರಲು ಒಂದು ಸಂಗತಿ ವಿಚಾರಾರ್ಹವಾಗಿದೆ. ಈ ಅರಸರ ಕಾಲದಲ್ಲಿ ಕಡೆದ ಬೇಲೂರು, ಹಳೇಬೀಡುಗಳ ಭಿತ್ತಿಗಳಲ್ಲಿ ಪಡೆಯಿದೆ, ಪಯಣವಿದೆ, ಯುದ್ಧವಿದೆ, ಬೆಟ್ಟವೂ ಇದೆ. ಆದರೆ ಪಡೆಯು ಬೆಟ್ಟವನ್ನು ದಾಟುವ ದೃಶ್ಯವು ಅಲ್ಲಿ ಒಂದು ಪ್ರಧಾನ ವಸ್ತುವಾಗಿ ಬೆಳೆಯಲಿಲ್ಲ. ಪಾಶ್ಚಾತ್ಯರಲ್ಲಿಯಾದರೋ, ಕ್ರಿಸ್ತಪೂರ್ವ ೨೧೮ರಲ್ಲಿ ಕಾರ್ತೇಜಿನ ಹ್ಯಾನಿಬಲ್ ಆನೆಗಳೊಡನೆ ಆಲ್ಪ್ಸ್ ಪರ್ವತವನ್ನು ದಾಟಿದುದು ಚಿತ್ರಕಾರರಿಗೆ ಶತಮಾನಗಳ ಕಾಲ ಪ್ರಿಯವಾದ ವಸ್ತುವಾಗಿ ಉಳಿಯಿತು. ಆನೆಯನ್ನು ಕಂಡರಿಯದ ನಾಡಿನ ಕಲೆಯಲ್ಲಿ ಆನೆಯು ಬೆಟ್ಟವನ್ನೇರಿತು. ಆನೆಗಳನ್ನು ಸಾಲುಸಾಲಾಗಿ ಕಡೆದ ಮಲೆನಾಡಿನ ಕಲೆಯಲ್ಲಿ ಏರಲಿಲ್ಲ. ಇದಕ್ಕೆ ಕಾರಣವೇನು? ಶಿಲ್ಪವು ಕೊಡದ ಚಿತ್ರವನ್ನು ಕನ್ನಡ ಕಾವ್ಯವು ಕೊಟ್ಟಿದೆಯೆ? ಕೊಟ್ಟಿದ್ದರೆ ಅದರ ಅರ್ಥವೇನು? ಈ ಲೇಖನದಲ್ಲಿ ಇಷ್ಟನ್ನೇ ವಿಚಾರ ಮಾಡಬೇಕೆಂದಿದೆ.

೨

ಮೊದಲು ನೆಲವನ್ನು ನೋಡತಕ್ಕದ್ದು. ಹಾಸನದಿಂದ ಆಲೂರಿನ ಮಾರ್ಗವಾಗಿ ಸಕಲೇಶಪುರಕ್ಕೆ ಹೋಗುವವನ ಎದುರಿಗೆ ಮಲೆಯು ಗೋಡೆಯಂತೆ ನಿಲ್ಲುವುದಿಲ್ಲ. ಆಲೂರಿನ ಕಡೆ ನೆಲವು ಮೆಲ್ಲಮೆಲ್ಲನೆ ಅಲೆಯಲೆಯಾಗಿ ಏರಿಳಿಯುವುದು. ದಿಣ್ಣೆಗಳ ನಡುವಣ ತಗ್ಗುಗಳಲ್ಲಿ ಗದ್ದೆಗಳು. ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ, ಹೊಳೆಯ ದಡದಲ್ಲಿರುವ ಹೊಯ್ಸಳರ ಕಾಲದ ಸಕಲೇಶ್ವರ ದೇವಾಲಯವನ್ನು ಹಿಂದಿಟ್ಟು ಪಡುವಲಿಗೆ ಸಾಗಿದರೆ, ಹುಲ್ಲುಬೆಟ್ಟಗಳೂ ಕಣಿವೆಯ ಕಾಡುಗಳೂ ಒಂದರ ಹಿಂದೊಂದು ತೋರಿ, ಕಡೆಗೆ ನೆಲವೇ ತಟ್ಟನೆ ಮುರಿದು ಕೆಳಕ್ಕೆ ಬೀಳುವುದು. ಶಿರಾಡಿಯಲ್ಲಿಯೂ ಬಿಸಿಲೆಯಲ್ಲಿಯೂ ಕಾಣುವುದು ಇದೇ. ಹೇಮಾವತಿಯ ನೀರು ಮೂಡಲಿಗೆ ಹರಿದು ಕಾವೇರಿಯನ್ನು ಸೇರಿದರೆ, ಅಲ್ಲಿಂದ ಅನತಿದೂರದಲ್ಲಿ ಹುಟ್ಟುವ ಕುಮಾರಧಾರೆಯ ನೀರು ಪಡುಗಡಲಿನ ದಾರಿಯನ್ನು ಹಿಡಿಯುವುದು.

ಆದುದರಿಂದ ಈ ನಾಡಿನವರಿಗೆ ಘಟ್ಟವೆಂಬುದು ಏರಿ ಗೆಲ್ಲಬೇಕಾದ ಶಿಖರವಲ್ಲ, ಇಳಿಯಬೇಕಾದ ಅಂಚು. ನುಡಿಯೇ ಇದಕ್ಕೆ ಸಾಕ್ಷಿ. 'ಘಟ್ಟ ಇಳಿದು ಹೋದರು', 'ಘಟ್ಟ ಹತ್ತಿ ಬಂದರು', 'ಘಟ್ಟದ ಮೇಲಿನವರು', 'ಘಟ್ಟದ ಕೆಳಗಿನವರು' ಎಂಬುದೇ ಇಲ್ಲಿಯ ರೂಢಿ. ಕೆಳಗಣ ತುಳುನಾಡಿನಿಂದ ನೋಡುವವನಿಗೆ ಸಹ್ಯಾದ್ರಿಯು ಆಕಾಶಕ್ಕೆ ಎತ್ತಿದ ಗೋಡೆ. ಮೇಲಣವನಿಗೆ ಅದು ತನ್ನ ಮನೆಯ ಹಿತ್ತಿಲ ಮೆಟ್ಟಿಲು. ಮೆಟ್ಟಿಲೆಂದಮಾತ್ರಕ್ಕೆ ಸುಲಭವೆಂದು ತಿಳಿಯಬಾರದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ, ಜಾರುವ ಕೆಮ್ಮಣ್ಣು, ಕಾಲಿಗೆ ಹತ್ತುವ ಇಂಬಳ, ಎರಡು ಹೇರೆತ್ತುಗಳು ಒಟ್ಟಿಗೆ ನಡೆಯಲಾರದ ದಾರಿ, ಹತ್ತು ಮಾರು ಮುಂದಿನದನ್ನು ಮರೆಮಾಡುವ ಮಂಜು. ಮೈದಾನದಲ್ಲಿ ಪಡೆಗೆ ಬಲವನ್ನು ಕೊಡುವ ಕುದುರೆ, ರಥ, ಜನಸಂಖ್ಯೆಗಳು ಇಲ್ಲಿ ಹೊರೆಯಾಗುವುವು. ಉದ್ದವಾದ ಸಾಲು ಎಷ್ಟು ಉದ್ದವೋ ಅಷ್ಟು ದುರ್ಬಲ.

ಈ ನೆಲವನ್ನರಿತು ದುರ್ಗವನ್ನು ಕಟ್ಟಿದವನ ಬುದ್ಧಿಯನ್ನು ನೋಡಬೇಕೆನ್ನುವವರು ಸಕಲೇಶಪುರದ ಬಳಿಯ ದೋಣಿಗಾಲಿನ ಮೇಲಣ ಮಂಜರಾಬಾದ್ ಕೋಟೆಗೆ ಹೋಗಬಹುದು. ಟಿಪ್ಪುಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದ ಎಂಟು ಮೂಲೆಯ ಈ ನಕ್ಷತ್ರಾಕಾರದ ಕೋಟೆಯ ಹೆಸರು ಮಂಜಿನಿಂದಲೇ ಬಂದಿತೆಂದು ಜನರು ಹೇಳುವರು. ಹತ್ತು ವರ್ಷಗಳ ತರುವಾಯ, ೧೮೦೨ರಲ್ಲಿ, ಆರ್ಥರ್ ವೆಲ್ಲೆಸ್ಲಿಯು ಬಲಂ ಸೀಮೆಯ ಪಾಳೆಯಗಾರನ ಮೇಲೆ ದಂಡೆತ್ತಿ ಬಂದಾಗ ಅವನು ಕಾದಬೇಕಾದುದು ಆಳಿನೊಡನೆ ಎಷ್ಟೋ ಕಾಡಿನೊಡನೆಯೂ ಅಷ್ಟೇ. ಇವೆರಡೂ ನಮ್ಮ ಪ್ರಾಚೀನ ವಿಷಯಕ್ಕೆ ಸೇರಿದುವಲ್ಲ. ಆದರೂ ಮಲೆಯು ಪಡೆಗೆ ಏನು ಮಾಡುತ್ತದೆ ಎಂಬುದಕ್ಕೆ ಸ್ಪಷ್ಟವಾದ ನಿದರ್ಶನಗಳಾಗಿವೆ. ಕಲೆಯು ಇದರಲ್ಲಿ ಯಾವುದನ್ನು ಹಿಡಿಯಿತು, ಯಾವುದನ್ನು ಬಿಟ್ಟಿತು ಎಂಬುದೇ ಮುಂದಿನ ಪ್ರಶ್ನೆ.

೩

ದಂಡಿಯು ಮಹಾಕಾವ್ಯಕ್ಕೆ ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಶೈಲವೂ ಒಂದು, ಪ್ರಯಾಣವೂ ಒಂದು. ಇವು ಆ ಪಟ್ಟಿಯಲ್ಲಿ ದೂರದೂರ ಇರುವುದು ಗಮನಾರ್ಹ. ಶೈಲವು ಪುರ, ಸಮುದ್ರ, ಋತುಗಳ ನೆರೆಯದು. ಪ್ರಯಾಣವು ಮಂತ್ರ, ದೂತ, ಯುದ್ಧಗಳ ಜೊತೆಯದು. ಒಂದು ನೋಡಿ ಸಂತೋಷಪಡತಕ್ಕ ವಸ್ತು, ಇನ್ನೊಂದು ಮಾಡತಕ್ಕ ಕಾರ್ಯ. ಮಾಘನಲ್ಲಿ ಕೃಷ್ಣನ ಪಡೆಯು ರೈವತಕ ಪರ್ವತದ ಬಳಿಗೆ ಬಂದಾಗ ಪಯಣವು ನಿಂತು ಪರ್ವತದ ವರ್ಣನೆ ಮೊದಲಾಗುವುದು. ಬೆಟ್ಟವು ಅಡ್ಡಿಯಲ್ಲ, ಬೀಡುಬಿಡತಕ್ಕ ರಮ್ಯಸ್ಥಾನ.

ಕಾಳಿದಾಸನು ಮಾತ್ರ ಇವೆರಡನ್ನೂ ಕೂಡಿಸಿರುವನು. ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವಿನ ಪಡೆಯು ಸಹ್ಯವನ್ನು ದಾಟುವುದು. ತ್ರಿಕೂಟ ಪರ್ವತವು ಆನೆಗಳ ದಂತದ ಗಾಯಗಳನ್ನೇ ಬರಹವಾಗಿ ಪಡೆದು ಅರಸನ ಜಯಸ್ತಂಭವಾಗುವುದು. ಅವನು ಹಿಮವಂತವನ್ನು ಕುದುರೆಗಳೊಡನೆ ಏರುವನು. ಗುಹೆಯಲ್ಲಿ ಮಲಗಿದ್ದ ಸಿಂಹಗಳು ಅಂಜದೆ ಕತ್ತು ತಿರುಗಿಸಿ ನೋಡುವುವು. ಪಡೆಯು ಬೀಡನ್ನು ಬಿಟ್ಟುಹೋದಮೇಲೆ ದೇವದಾರು ಮರಗಳ ತೊಗಟೆಯಲ್ಲಿ ಆನೆಯ ಕೊರಳ ಹಗ್ಗದ ಗುರುತು ಉಳಿದು, ಆ ಆನೆಗಳು ಎಷ್ಟು ಎತ್ತರವಾಗಿದ್ದುವೆಂಬುದನ್ನು ಕಿರಾತರಿಗೆ ತಿಳಿಸುವುದು. ಈ ಕಡೆಯ ಚಿತ್ರವು ಅತ್ಯಂತ ಸೂಕ್ಷ್ಮವಾದುದು. ಪಡೆಯು ಹೋಗಿದೆ, ಮಲೆಯೂ ಮಲೆಯ ಜನವೂ ಉಳಿದಿದ್ದಾರೆ, ಅವರು ಗುರುತನ್ನು ಓದುತ್ತಿದ್ದಾರೆ. ಆದರೂ ಒಟ್ಟಿನಲ್ಲಿ ಕಾಳಿದಾಸನ ಬೆಟ್ಟಗಳು ಅರಸನ ಕೀರ್ತಿಗೆ ಬರಹದ ಹಲಗೆಗಳೇ ಸರಿ. ಪಡೆಯ ಕಷ್ಟವು ಅಲ್ಲಿ ಕಾಣುವುದಿಲ್ಲ.

ನಮ್ಮ ಶಾಸನಗಳ ಪ್ರಶಸ್ತಿಗಳು ಈ ಮಾರ್ಗವನ್ನೇ ಹಿಡಿದುವು. ೧೧೧೭ರ ಚಾಮರಾಜನಗರದ ಶಾಸನವು ವಿಷ್ಣುವರ್ಧನನ ದಂಡನಾಯಕನಾದ ಪುಣಿಸನ ದಕ್ಷಿಣ ದಂಡಯಾತ್ರೆಯನ್ನು ಹೊಗಳುವುದು. ಅವನು ತೋಡರನ್ನು ಹೆದರಿಸಿ, ಕೊಂಗರನ್ನು ಓಡಿಸಿ, ಮಲೆಯಾಳರನ್ನು ಸಂಹರಿಸಿ, ನೀಲಾದ್ರಿಯ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದನೆಂಬುದು ಅದರ ತಾತ್ಪರ್ಯ. ನೀಲಗಿರಿಯ ತೋಡರ ಹೆಸರು ಮೊದಲು ದೊರೆಯುವ ಬರಹವೆಂದು ಇತಿಹಾಸಜ್ಞರು ಇದಕ್ಕೆ ಬೆಲೆಕೊಟ್ಟಿರುವುದು ಉಚಿತವೇ. ಸಾಹಿತ್ಯದೃಷ್ಟಿಯಿಂದ ನೋಡಿದರೆ ತೋರುವುದು ಬೇರೆ: ಕನ್ನಡನಾಡಿನ ಪಡೆಯೊಂದು ನಿಜವಾಗಿಯೂ ದೊಡ್ಡ ಮಲೆಯೊಂದನ್ನು ಏರಿದುದರ ಸಮಕಾಲೀನವಾದ ಬರಹವಿದು, ಆದರೆ ಇದರಲ್ಲಿ ದಾರಿಯಿಲ್ಲ, ಚಳಿಯಿಲ್ಲ, ಹೊರೆಯಿಲ್ಲ. ಜನಾಂಗಗಳ ಹೆಸರುಗಳ ಸಾಲೊಂದು, ಕಡೆಯಲ್ಲಿ ಕಾಣಿಕೆಯಾದ ಶಿಖರವೊಂದು. ಏರುವುದಕ್ಕೂ ಗೆಲ್ಲುವುದಕ್ಕೂ ನಡುವೆ ಕಾಲವೇ ಕಳೆಯಲಿಲ್ಲವೇನೋ ಎಂಬಂತೆ ತೋರುವುದು.

೪

ಇನ್ನು ಶಿಲ್ಪವನ್ನು ನೋಡೋಣ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನದಲ್ಲಿ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆಯ ಸವಾರರು, ರಾಮಾಯಣ ಭಾರತ ಭಾಗವತಗಳ ಕಥೆಗಳು, ಮಕರ, ಹಂಸಗಳು ಪಟ್ಟಿಕೆ ಪಟ್ಟಿಕೆಯಾಗಿ ಸಾಗುವುವು. ಇದನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ 'ಹೊಯ್ಸಳರ ಚತುರಂಗಬಲ' ಎಂದು ವಿವರಿಸುವುದು ವಾಡಿಕೆಯಾಗಿದೆ. ಆಯುಧ, ಜೀನು, ಉಡುಪುಗಳ ಮಟ್ಟಿಗೆ ಈ ಸಾಕ್ಷ್ಯವು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಡೆಯ ಪಯಣಕ್ಕೆ ಇದು ಸಾಕ್ಷಿಯಲ್ಲ. ಆ ಆನೆಗಳು ನಡೆಯುವ ನೆಲವು ನೇರವಾದ ಒಂದು ಗೆರೆ. ಅದರಲ್ಲಿ ತಗ್ಗಿಲ್ಲ, ದಿಣ್ಣೆಯಿಲ್ಲ. ಅದೇ ನಾಡಿನ ಆಲೂರು ಸಕಲೇಶಪುರಗಳಲ್ಲಿ ಹತ್ತು ಹೆಜ್ಜೆಯಷ್ಟು ಸಮನಾದ ನೆಲವು ದುರ್ಲಭ.

ಶಿಲ್ಪಿಗೆ ಬೆಟ್ಟವನ್ನು ಕಡೆಯುವುದು ತಿಳಿಯದೆಂದು ಹೇಳುವಂತಿಲ್ಲ. ಅದೇ ಹಳೇಬೀಡಿನ ಭಿತ್ತಿಯಲ್ಲಿ ರಾವಣನು ಕೈಲಾಸವನ್ನು ಎತ್ತುತ್ತಿರುವನು, ಕೃಷ್ಣನು ಗೋವರ್ಧನವನ್ನು ಹಿಡಿದಿರುವನು. ಆ ಬೆಟ್ಟಗಳಲ್ಲಿ ಮರವಿದೆ, ಮೃಗವಿದೆ, ಅಂತಸ್ತು ಅಂತಸ್ತಾಗಿ ಜೀವವು ತುಂಬಿದೆ. ರಾಮಾಯಣದ ಸೇತುಬಂಧದಲ್ಲಿ ಕಪಿಗಳು ಕಲ್ಲುಗುಂಡುಗಳನ್ನು ಹೊತ್ತು ಬರುವುವು. ಎಂದರೆ ಈ ಕಲೆಯಲ್ಲಿ ಬೆಟ್ಟವನ್ನು ಎತ್ತುವರು, ಹಿಡಿಯುವರು, ಹೊರುವರು, ದಾಟುವುದಿಲ್ಲ. ಬೆಟ್ಟವು ದಾರಿಯಲ್ಲಿ ಅಡ್ಡವಾಗಿ ಬರುವ ನೆಲವಲ್ಲ, ಒಬ್ಬನ ಬಲವನ್ನು ಅಳೆಯುವ ತೂಕದ ಕಲ್ಲು. ರಾವಣನಿಗೆ ಅದು ಸೋಲನ್ನೂ ಕೃಷ್ಣನಿಗೆ ಗೆಲುವನ್ನೂ ಕೊಡುವುದು. ಸಾಮಾನ್ಯನಾದ ಕಾಲಾಳಿಗೆ ಅದರ ಮೇಲೆ ಹೆಜ್ಜೆಯಿಡಲು ಎಡೆಯಿಲ್ಲ.

ಇದಕ್ಕೆ ಕಾರಣವನ್ನು ಊಹಿಸುವಲ್ಲಿ ಮೂರು ಅಂಶಗಳನ್ನು ಲಕ್ಷ್ಯದಲ್ಲಿಡಬೇಕು. ಮೊದಲನೆಯದು, ಮೇಲೆ ಹೇಳಿದಂತೆ, ಈ ನೆಲದವರಿಗೆ ಘಟ್ಟವು ಅದ್ಭುತವಾಗಿ ತೋರದಿರುವುದು. ಆದರೆ ಇದೊಂದೇ ಸಾಲದು. ಏಕೆಂದರೆ ಬೇಲೂರಿನಲ್ಲಿ ತಮ್ಮ ಹೆಸರನ್ನು ಕೆತ್ತಿರುವ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ಬಳ್ಳಿಗಾವೆಯಿಂದ ಬಂದವರು, ಈ ಘಟ್ಟದ ಅಂಚಿನವರಲ್ಲ. ಎರಡನೆಯದು, ಪಟ್ಟಿಕೆಯ ಸ್ವಭಾವ. ಗೇಣಗಲದ ಸಾಲಿನಲ್ಲಿ ಮುಂದಕ್ಕೆ ಸಾಗುವುದು ಸುಲಭ, ಮೇಲಕ್ಕೆ ಏರುವುದು ಕಷ್ಟ. ಮೂರನೆಯದು ಇವೆರಡಕ್ಕಿಂತಲೂ ಮುಖ್ಯವೆಂದು ನಮಗೆ ತೋರುವುದು. ವಾಸ್ತುಶಾಸ್ತ್ರದ ಭಾವನೆಯಲ್ಲಿ ದೇವಾಲಯವೇ ಪರ್ವತ. ಮೇರು, ಮಂದರ, ಕೈಲಾಸ ಎಂಬುವು ಪ್ರಾಸಾದಭೇದಗಳ ಹೆಸರುಗಳು. ಗುಡಿಯ ತಲೆಗೆ ಶಿಖರವೆಂದೇ ಹೆಸರು. ಹಾಗಿದ್ದಲ್ಲಿ ಅಧಿಷ್ಠಾನದ ಆನೆ ಕುದುರೆಗಳು ಪರ್ವತದ ಬುಡದಲ್ಲಿ ಸುತ್ತು ಬರುತ್ತಿರುವ ಪಡೆ. ಅರಸನ ಬಲವು ಈ ಬೆಟ್ಟವನ್ನು ದಾಟತಕ್ಕದ್ದಲ್ಲ, ಹೊತ್ತು ಸುತ್ತತಕ್ಕದ್ದು. ಶಿಲ್ಪದಲ್ಲಿ ಮಲೆಯನ್ನು ದಾಟುವ ಪಡೆಯು ಏಕಿಲ್ಲವೆಂಬ ಪ್ರಶ್ನೆಗೆ ಉತ್ತರವು ಆ ಶಿಲ್ಪವಿರುವ ಸ್ಥಳದಲ್ಲಿಯೇ ಇದೆ.

ವೀರಗಲ್ಲುಗಳೂ ಇದೇ ಮಾತನ್ನು ಹಳ್ಳಿಯ ನುಡಿಯಲ್ಲಿ ಹೇಳುವುವು. ಕೆಳಗಣ ಅಂತಸ್ತಿನಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವರು. ಮೇಲೆ ಲಿಂಗದ ಸನ್ನಿಧಿ, ಕೈಲಾಸ. ಹೆಸರುವಾಸಿಯಾದ ಗುಡಿಯ ಪಟ್ಟಿಕೆಯಲ್ಲಿ ಮುಂದಕ್ಕೆ ಮಾತ್ರ ನಡೆಯುವ ಆಳು ಇಲ್ಲಿ ಮೇಲಕ್ಕೆ ಹೋಗುವನು. ಅವನೇರುವ ಬೆಟ್ಟ ಒಂದೇ. ಅದನ್ನು ಪ್ರಾಣವನ್ನು ಕೊಟ್ಟು ಏರಬೇಕು.

೫

ಶಿಲ್ಪವೂ ಪ್ರಶಸ್ತಿಯೂ ಬಿಟ್ಟ ಚಿತ್ರವನ್ನು ಕನ್ನಡದಲ್ಲಿ ಕೊಟ್ಟವನು ಪಂಪ. ಕ್ರಿ. ಶ. ೯೪೧ರ ಆದಿಪುರಾಣದಲ್ಲಿ, ಜಿನಸೇನಾಚಾರ್ಯರ ಪೂರ್ವಪುರಾಣವನ್ನು ಅನುಸರಿಸಿ, ಅವನು ಭರತಚಕ್ರವರ್ತಿಯ ದಿಗ್ವಿಜಯವನ್ನು ವರ್ಣಿಸಿರುವನು. ಭರತನ ಪಡೆಗೆ ಅಡ್ಡವಾಗಿ ನಿಲ್ಲುವುದು ವಿಜಯಾರ್ಧಪರ್ವತ. ಅದನ್ನು ಏರುವ ದಾರಿಯಿಲ್ಲ, ಒಳಹೊಕ್ಕು ಹೊರಡಬೇಕು. ಗುಹೆಯ ಕದವನ್ನು ದಂಡರತ್ನದಿಂದ ತೆರೆಯಬೇಕು. ಒಳಗಣ ಬೇಗೆಯು ಆರುವವರೆಗೆ ಕಾಯಬೇಕು. ಕತ್ತಲೆಗೆ ಕಾಕಿಣೀರತ್ನದ ಬೆಳಕು ಬೇಕು. ಒಳಗೆ ಎರಡು ಹೊಳೆಗಳು: ಒಂದು ಬಿದ್ದುದನ್ನೆಲ್ಲ ಮುಳುಗಿಸುವುದು, ಇನ್ನೊಂದು ಎಲ್ಲವನ್ನೂ ಮೇಲಕ್ಕೆ ತಳ್ಳುವುದು. ಅವುಗಳಿಗೆ ಸ್ಥಪತಿಯು ಸೇತುವೆಯನ್ನು ಕಟ್ಟಬೇಕು. ಆಚೆಗೆ ಹೊರಟಮೇಲೆ ಮೇಘಮುಖರೆಂಬ ದೇವತೆಗಳು ಏಳು ದಿನ ಎಡೆಬಿಡದೆ ಮಳೆಯನ್ನು ಸುರಿಸುವರು. ಕೆಳಗೆ ಚರ್ಮರತ್ನವನ್ನು ಹಾಸಿ ಮೇಲೆ ಛತ್ರರತ್ನವನ್ನು ಹಿಡಿದು, ಮೊಟ್ಟೆಯೊಳಗಣ ಮರಿಯಂತೆ ಪಡೆಯು ಆ ಮಳೆಯನ್ನು ಕಳೆಯುವುದು.

ಇದನ್ನು ಪುರಾಣದ ಅದ್ಭುತವೆಂದು ತಳ್ಳಿಹಾಕುವುದು ಸುಲಭ. ಆದರೆ ಚಕ್ರವರ್ತಿಯ ಹದಿನಾಲ್ಕು ರತ್ನಗಳನ್ನು ಒಮ್ಮೆ ಪರಿಶೀಲಿಸಿರಿ. ದಂಡ, ಕಾಕಿಣಿ, ಸ್ಥಪತಿ, ಚರ್ಮ, ಛತ್ರ: ಈ ಐದೂ ತಮ್ಮ ನಿಜವಾದ ಉಪಯೋಗವನ್ನು ಪಡೆಯುವುದು ಶತ್ರುವಿನ ಎದುರಿನಲ್ಲಿ ಅಲ್ಲ, ಮಲೆಯ ಎದುರಿನಲ್ಲಿ. ದಾರಿಯನ್ನು ತೆರೆಯುವುದು, ಬೆಳಕು, ಸೇತುವೆ, ನೆಲಹಾಸು, ಮಾಡು! ಬಿಸಿಲೆಯ ಕಾಡಿನಲ್ಲಿ ಆಷಾಢದ ಮಳೆಯನ್ನು ಕಂಡವನು ಯಾವ ಐದು ವಸ್ತುಗಳನ್ನು ಬೇಡುವನೋ ಅವೇ ಇವು. ಕಾಳಿದಾಸನಲ್ಲಿ ಪರ್ವತವು ಪಡೆಯ ಗುರುತನ್ನು ಹೊರುವುದು. ಇಲ್ಲಿ ಪಡೆಯು ಪರ್ವತದ ಭಾರವನ್ನು ಹೊರುವುದು. ಮಲೆಯನ್ನು ದಾಟುವುದೆಂದರೆ ಶೌರ್ಯಕ್ಕಿಂತ ಹೆಚ್ಚಾಗಿ ಕಾಯುವ ಸೈರಣೆ, ಕಟ್ಟುವ ಕೈಗೆಲಸ, ನೆನೆಯದೆ ಉಳಿಯುವ ಉಪಾಯ ಎಂಬ ಅರಿವು ಈ ಕಥೆಯ ಅದ್ಭುತದ ಒಳಗೆ ಅಡಗಿದೆ.

ಆಮೇಲೆ ಬರುವುದು ವೃಷಭಾಚಲ. ಆರು ಖಂಡಗಳನ್ನು ಗೆದ್ದ ಭರತನು ತನ್ನ ಹೆಸರನ್ನು ಆ ಬೆಟ್ಟದ ಮೇಲೆ ಬರೆಯಿಸಬೇಕೆಂದು ಬರುವನು. ನೋಡಿದರೆ, ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬೆಟ್ಟವು ಕಿಕ್ಕಿರಿದಿದೆ. ಒಂದು ಸಾಲಿಗೂ ಎಡೆಯಿಲ್ಲ. ತಾನೊಬ್ಬನೇ ಎಂಬ ಗರ್ವವು ಅಲ್ಲಿ ಕರಗುವುದು. ಕಡೆಗೆ ಒಬ್ಬರ ಹೆಸರನ್ನು ಒರಸಿ ತನ್ನದನ್ನು ಬರೆಯಿಸುವನು. ಮುಂದೆ ಬರುವವನು ಇದನ್ನೂ ಒರಸುವನೆಂಬ ಮಾತು ಓದುವವನ ಮನಸ್ಸಿನಲ್ಲಿ ತಾನಾಗಿ ಹುಟ್ಟುವುದು. ತ್ರಿಕೂಟವನ್ನು ಜಯಸ್ತಂಭ ಮಾಡಿದ ಕವಿಮಾರ್ಗಕ್ಕೆ ಇದಕ್ಕಿಂತ ದೊಡ್ಡ ಉತ್ತರವು ಬೇಕಿಲ್ಲ. ಇಲ್ಲಿ ಬೆಟ್ಟವು ಜಯಸ್ತಂಭವಾದುದು ನಿಜ. ಆದರೆ ಅದು ಎಲ್ಲರ ಜಯಸ್ತಂಭವಾದುದರಿಂದಲೇ ಯಾರದೂ ಅಲ್ಲ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಇದೆಲ್ಲವೂ ಜಿನಸೇನರಲ್ಲಿರುವುದೇ; ಪಂಪನ ಹಿರಿಮೆ ಏನು? ಎಂದು. ಕಥೆಯು ಪಂಪನದಲ್ಲವೆಂಬುದು ನಿಜ. ಆದರೆ ಜಿನಸೇನರು ಮುನಿಗಳು. ಪಂಪನು ಅರಿಕೇಸರಿಯ ಆಸ್ಥಾನದ ಕವಿ, ಕತ್ತಿಯನ್ನು ಹಿಡಿದವನು. ವಿಕ್ರಮಾರ್ಜುನವಿಜಯದಲ್ಲಿ ತನ್ನ ಒಡೆಯನನ್ನು ಅರ್ಜುನನ ಮಟ್ಟಕ್ಕೆ ಏರಿಸಿದ ಕೈಯೇ ಆದಿಪುರಾಣದಲ್ಲಿ ಚಕ್ರವರ್ತಿಯ ಗರ್ವವನ್ನು ಬೆಟ್ಟದ ಮುಂದೆ ಇಳಿಸಿತು. ಪ್ರಶಸ್ತಿಯನ್ನು ಬರೆಯುವವನು ಪ್ರಶಸ್ತಿಯ ನಶ್ವರತೆಯನ್ನು ಹೇಳಿದಾಗ ಆ ಮಾತಿಗೆ ಮುನಿಯ ಉಪದೇಶದಲ್ಲಿಲ್ಲದ ಒಂದು ತೂಕವು ಬರುವುದು.

೬

ಇದನ್ನು ಪಾಶ್ಚಾತ್ಯ ಚಿತ್ರಗಳೆರಡರ ಪಕ್ಕದಲ್ಲಿಟ್ಟರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ಫ್ರಾನ್ಸಿನ ದಾವೀದನು ೧೮೦೧ರಿಂದ ೧೮೦೫ರವರೆಗೆ ಐದು ಪ್ರತಿಗಳಾಗಿ ಬರೆದ ಪ್ರಸಿದ್ಧ ಚಿತ್ರದಲ್ಲಿ ನೆಪೋಲಿಯನ್ನನು ಮುಂಗಾಲೆತ್ತಿದ ಕುದುರೆಯ ಮೇಲೆ ಆಲ್ಪ್ಸನ್ನು ದಾಟುತ್ತಿರುವನು. ಕಾಲಡಿಯ ಬಂಡೆಗಳಲ್ಲಿ ಹ್ಯಾನಿಬಲ್, ಶಾರ್ಲಮೇನ್ ಎಂಬ ಹಳೆಯ ಹೆಸರುಗಳೊಡನೆ ಅವನ ಹೆಸರೂ ಕೆತ್ತಿದೆ. ೧೮೦೦ರಲ್ಲಿ ಅವನು ನಿಜವಾಗಿ ದಾಟಿದುದು ಹೇಸರಗತ್ತೆಯ ಮೇಲೆ. ಬಂಡೆಯ ಮೇಲಣ ಹೆಸರುಗಳ ಕಲ್ಪನೆಯು ವೃಷಭಾಚಲದ್ದೇ. ಭಾವವು ಮಾತ್ರ ವಿಪರೀತ. ದಾವೀದನ ಹಳೆಯ ಹೆಸರುಗಳು ಹೊಸಬನನ್ನು ಎತ್ತುವುವು. ಪಂಪನ ಹಳೆಯ ಹೆಸರುಗಳು ಹೊಸಬನನ್ನು ತಗ್ಗಿಸುವುವು.

ಇನ್ನೊಂದು, ಇಂಗ್ಲೆಂಡಿನ ಟರ್ನರನು ೧೮೧೨ರಲ್ಲಿ ಪ್ರದರ್ಶಿಸಿದ ಹ್ಯಾನಿಬಲ್ಲನ ಚಿತ್ರ. ಅದರಲ್ಲಿ ಕಪ್ಪು ಬಿರುಗಾಳಿಯೇ ನಾಯಕ. ಪಡೆಯು ಕೆಳಗೆ ಇರುವೆಯ ಸಾಲು. ಆನೆಯು ದೂರದಲ್ಲಿ ಒಂದು ಚುಕ್ಕೆ. ಮುಂದಿನ ನೆಲದಲ್ಲಿ ಮಲೆಯ ಜನರು ಹಿಂದುಳಿದವರ ಮೇಲೆ ಬಿದ್ದು ಕೊಲ್ಲುತ್ತಲೂ ದೋಚುತ್ತಲೂ ಇರುವರು. ಏಳು ದಿನದ ಮಳೆಯ ಕೆಳಗೆ ಮುದುಡಿ ಕುಳಿತ ಭರತನ ಪಡೆಗೆ ಈ ಚಿತ್ರವು ದಾಯಾದಿ. ಆದರೆ ಟರ್ನರನಲ್ಲಿ ಮಲೆಯು ಪಡೆಯನ್ನು ನುಂಗುವುದು. ಪಂಪನಲ್ಲಿ ನುಂಗದೆ ದಾರಿಯನ್ನು ಬಿಟ್ಟುಕೊಟ್ಟು, ಕಡೆಯಲ್ಲಿ ಓದಲು ಒಂದು ಬರಹವನ್ನು ಮುಂದಿಡುವುದು. ಭಯಕ್ಕಿಂತಲೂ ನಾಚಿಕೆಯು ಆಳವಾದ ಪಾಠ.

ಭರತನ ಕಥೆಯು ಅಲ್ಲಿಗೆ ಮುಗಿಯಲಿಲ್ಲವೆಂಬುದು ಸರ್ವವಿದಿತ. ಗುಹೆಯನ್ನೂ ಹೊಳೆಯನ್ನೂ ಮಳೆಯನ್ನೂ ದಾಟಿಬಂದ ಪಡೆಯು ತಮ್ಮನಾದ ಬಾಹುಬಲಿಯ ಎದುರಿನಲ್ಲಿ ನಿಷ್ಪ್ರಯೋಜಕವಾಯಿತು. ಗೆದ್ದ ತಮ್ಮನು ಗೆಲವನ್ನೇ ಬಿಟ್ಟು ಕಾಡಿಗೆ ಹೋದನು. ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ೯೮೧ರಲ್ಲಿ ನಿಲ್ಲಿಸಿದ ಗೊಮ್ಮಟನು ಬೆಟ್ಟದ ತಲೆಯಲ್ಲಿ, ಬೆಟ್ಟದ ಬಂಡೆಯಿಂದಲೇ ಮೂಡಿ ನಿಂತಿರುವನು. ಈ ಸೀಮೆಯ ಕಲೆಯು ಮನುಷ್ಯನಿಗೂ ಬೆಟ್ಟಕ್ಕೂ ಇರುವ ಸಂಬಂಧವನ್ನು ಅತ್ಯಂತ ದೊಡ್ಡದಾಗಿ ಹೇಳಿದುದು ಅಲ್ಲಿ. ಅದು ಪಡೆಯೊಡನೆ ದಾಟಿದವನ ಚಿತ್ರವಲ್ಲ, ಪಡೆಯನ್ನು ಬಿಟ್ಟು ನಿಂತವನ ಚಿತ್ರ.

ಇಷ್ಟರಿಂದ ಪಾಠ ಹೇಳುವವರಿಗೆ ಉಪಯುಕ್ತವಾದ ಎರಡು ಮಾತುಗಳು ಫಲಿಸುವುವು. ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರು ಹಳೇಬೀಡುಗಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ, ಪಟ್ಟಿಕೆಯ ಆನೆಗಳನ್ನು ದಂಡಿನ ಛಾಯಾಚಿತ್ರವೆಂಬಂತೆ ತೋರಿಸಬಾರದು. ಅವು ಯಾವ ಬೆಟ್ಟವನ್ನು ಸುತ್ತುತ್ತಿವೆಯೆಂಬುದನ್ನು ಕೇಳಬೇಕು. ಅಂತೆಯೇ ಕಾವ್ಯಗಳ ದಿಗ್ವಿಜಯಭಾಗವನ್ನು ಹದಿನೆಂಟು ವರ್ಣನೆಗಳ ಕಟ್ಟುಪಾಡೆಂದು ಹಾಳೆ ತಿರುವಿಬಿಡಬಾರದು. ಅಷ್ಟಾದಶವರ್ಣನೆಯ ಚೌಕಟ್ಟಿನೊಳಗೇ ಒಬ್ಬ ಕವಿಯು ಮಲೆಯನ್ನು ಅಡ್ಡಿಯಾಗಿ, ಕೆಲಸವಾಗಿ, ಸಾಕ್ಷಿಯಾಗಿ ಕಂಡನು. ಸಕಲೇಶಪುರದ ಮಂಜಿನಲ್ಲಿ ನಿಂತು ವೃಷಭಾಚಲದ ಪ್ರಸಂಗವನ್ನು ಓದುವವನಿಗೆ, ಈ ಬೆಟ್ಟಗಳ ಮೇಲೆ ಯಾವ ಹೆಸರೂ ಕಾಣದಿರುವುದು ಬರೆದವರಿಲ್ಲದುದರಿಂದಲೇ ಎಂದು ತೋರಲಾರದು.